14 ತಿಂಗಳ ಪಥ್ಯದ ನಂತರವೂ ಇಳಿಯದ ಟಿಟಿಜಿ: ಒಂದು ಪ್ರಕರಣ ಅಧ್ಯಯನ

ಸೀಲಿಯಾಕ್ ಕಾಯಿಲೆ (ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣಕರುಳು ಹಾಳಾಗುವ ಕಾಯಿಲೆ) ಇದೆಯೆಂದು ಗೊತ್ತಾಗಿ 14 ತಿಂಗಳಾದ 34 ವರ್ಷದ ಮಹಿಳೆ. ಮನೆಯಲ್ಲಿ ನಾಲ್ಕು ಜನ, ಗ್ಲುಟೆನ್ ಬಿಡುವ ಪಥ್ಯ ಇವರೊಬ್ಬರಿಗೇ. ವಾರಕ್ಕೆ ಎರಡು ಸಲ ಹೊರಗೆ ಊಟ. ಗೋಧಿಯ ಬ್ರೆಡ್, ಪಾಸ್ತಾ, ಬಿಸ್ಕತ್ತು, ಕೇಕು, ಜೊತೆಗೆ ಬಿಯರ್ ಎಲ್ಲವನ್ನೂ ಮೊದಲ ವಾರದಲ್ಲೇ ಬಿಟ್ಟಿದ್ದರು. ರೋಗ ಪತ್ತೆಯಾದಾಗ ರಕ್ತದಲ್ಲಿ ಟಿಟಿಜಿ-ಐಜಿಎ ಪ್ರತಿಕಾಯ (ಈ ಕಾಯಿಲೆಯಲ್ಲಿ ಏರುವ, ಗ್ಲುಟೆನ್ ನಿಂತರೆ ಇಳಿಯುವ ಅಂಶ; ಮುಂದೆ ಬರಿ ಟಿಟಿಜಿ) ಸಾಮಾನ್ಯ ಮಿತಿಯ 12 ಪಟ್ಟು ಇತ್ತು. ಆರನೇ ತಿಂಗಳಿಗೆ 4 ಪಟ್ಟಿಗೆ ಇಳಿಯಿತು. ಅಲ್ಲಿಂದಾಚೆ ಇಳಿಕೆ ನಿಂತೇ ಹೋಯಿತು. 14ನೇ ತಿಂಗಳಲ್ಲೂ ಮೂರೂವರೆ ಪಟ್ಟು. ಕಬ್ಬಿಣದ ಮಾತ್ರೆ ತಪ್ಪಿಸದೆ ನುಂಗಿದರೂ ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ 6ರಿಂದ 11ಕ್ಕೆ ಮಾತ್ರ ಏರಿತ್ತು. ಹೊಟ್ಟೆಯುಬ್ಬರ, ಸಂಜೆಯಾದರೆ ಕೈಕಾಲು ಸೋತು ಬರುವುದು ಹಾಗೇ ಇದ್ದವು.

ಇದು ಒಬ್ಬರೇ ವ್ಯಕ್ತಿಯ ಕಡತವಲ್ಲ. ಪಥ್ಯ ಮಾಡಿಯೂ ಗುಣ ಕಾಣದವರಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಮನೆಗೆ ತಂದು ಬರೆದದ್ದು. ರಕ್ತಪರೀಕ್ಷೆಯ ಅಂಕಿಗಳು ಮಾದರಿಗೆ ಕೊಟ್ಟವು.

ಅವರ ಪ್ರಶ್ನೆ ಒಂದೇ: "ಇನ್ನೇನು ಬಿಡಬೇಕು?" ಅದೇ ಆತಂಕದಲ್ಲಿ ಹಾಲು, ಬೇಳೆಕಾಳು, ಮೊಟ್ಟೆ ಒಂದೊಂದಾಗಿ ತಟ್ಟೆಯಿಂದ ಹೋಗಿದ್ದವು. ತೂಕ ಇಳಿಯುತ್ತಿತ್ತು. ಇಂಥ ಹಂತದಲ್ಲಿ ಬಿಡುವ ಪಟ್ಟಿಯನ್ನು ಉದ್ದ ಮಾಡುವುದು ಅತ್ಯಂತ ಸುಲಭದ, ಅತ್ಯಂತ ಕೆಟ್ಟ ದಾರಿ. ಬಿಟ್ಟ ಪದಾರ್ಥದಲ್ಲಿ ತೊಂದರೆ ಇರಲಿಲ್ಲ. ತಿನ್ನುತ್ತಿದ್ದ ಪದಾರ್ಥಕ್ಕೆ ಗ್ಲುಟೆನ್ ಯಾವ ದಾರಿಯಿಂದ ಬಂದು ಸೇರುತ್ತಿದೆ ಎಂಬುದನ್ನು ಯಾರೂ ಹುಡುಕಿರಲಿಲ್ಲ.

ಹುಡುಕಾಟಕ್ಕೆ ಮೊದಲು ಎರಡು ವಿಷಯ ಖಾತ್ರಿ ಮಾಡಿಕೊಳ್ಳಲಾಯಿತು. ರೋಗನಿರ್ಣಯ ಸರಿಯಾಗಿತ್ತೇ? ಹೌದು, ಪಥ್ಯ ಶುರುವಾಗುವ ಮೊದಲೇ ರಕ್ತಪರೀಕ್ಷೆಯೂ ಸಣ್ಣಕರುಳಿನ ಬಯಾಪ್ಸಿಯೂ ಆಗಿದ್ದವು. (ಪಥ್ಯ ಶುರು ಮಾಡಿ ಆಮೇಲೆ ಪರೀಕ್ಷೆಗೆ ಹೋದರೆ ಎರಡೂ ಸುಳ್ಳು ಹೇಳಬಹುದು. ಅನುಮಾನವಿದ್ದವರು ಪರೀಕ್ಷೆ ಮುಗಿಯುವ ತನಕ ಗೋಧಿ ಬಿಡಬಾರದು.) ಹೊಟ್ಟೆಯುಬ್ಬರಕ್ಕೆ ಬೇರೆ ಕಾರಣವಿದೆಯೇ? ಇರಬಹುದು. ಕರುಳಿನ ಒಳಪದರ ಹಾಳಾಗಿರುವಾಗ ಹಾಲಿನ ಸಕ್ಕರೆ ಕೆಲಕಾಲ ಜೀರ್ಣವಾಗುವುದಿಲ್ಲ. ಕರುಳಿನಲ್ಲಿ ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆಯುವುದು, ಮೇದೋಜೀರಕ ಗ್ರಂಥಿಯ ಸ್ರಾವ ಕಡಿಮೆಯಾಗುವುದು ಕೂಡ ಇದೇ ಲಕ್ಷಣ ತೋರುತ್ತವೆ. ಆದರೆ ಇವು ಯಾವುವೂ ಟಿಟಿಜಿಯನ್ನು ಮೇಲೆ ಹಿಡಿದಿಡುವುದಿಲ್ಲ. ಪಥ್ಯಕ್ಕೂ ಬಗ್ಗದ ಸೀಲಿಯಾಕ್ ಎಂಬುದೊಂದು ಇದೆ, ಅದು ಅಪರೂಪ. ಪ್ರತಿಕಾಯ ಇಳಿಯದೆ ನಿಂತಾಗ ಮೊದಲು ಹುಡುಕಬೇಕಾದದ್ದು ಗ್ಲುಟೆನ್ನನ್ನೇ.

ಮಿಲಿಗ್ರಾಂ ಲೆಕ್ಕ

ಗೋಧಿ ಬ್ರೆಡ್ಡಿನ 30 ಗ್ರಾಂ ತುಂಡೊಂದರಲ್ಲಿ ಸುಮಾರು 2 ಗ್ರಾಂ, ಅಂದರೆ 2000 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ಸೀಲಿಯಾಕ್ ಇರುವ ಹೆಚ್ಚಿನವರ ಕರುಳು ದಿನಕ್ಕೆ 10 ಮಿಲಿಗ್ರಾಂವರೆಗೆ ತಡೆದುಕೊಳ್ಳುತ್ತದೆ ಎಂಬುದು ಈಗ ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಿನಕ್ಕೆ 50 ಮಿಲಿಗ್ರಾಂನಂತೆ ಮೂರು ತಿಂಗಳು ಕೊಟ್ಟಾಗ ಕರುಳಿನ ಒಳಪದರಕ್ಕೆ ಹಾನಿಯಾಗಿತ್ತು. ಹತ್ತು ಮಿಲಿಗ್ರಾಂ ಅಂದರೆ ಆ ಬ್ರೆಡ್ ತುಂಡಿನ ಇನ್ನೂರನೇ ಒಂದು ಪಾಲು, 150 ಮಿಲಿಗ್ರಾಂ ತೂಗುವ ಚೂರು. ಬೆರಳ ತುದಿಗೆ ಅಂಟಿಕೊಂಡರೆ ಕಣ್ಣಿಗೆ ಕಾಣುವಷ್ಟು ಇರುತ್ತದೆ, ಬೆಣ್ಣೆಯಲ್ಲಿ ಬಿದ್ದರೆ ಕಾಣುವುದಿಲ್ಲ.

ಇನ್ನೊಂದು ಅಂಕಿ 20. ಅಂತರರಾಷ್ಟ್ರೀಯ ಆಹಾರ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಅಲಿಮೆಂಟೇರಿಯಸ್ 2008ರಲ್ಲಿ ಪರಿಷ್ಕರಿಸಿದ ಮಾನದಂಡದ ಪ್ರಕಾರ ಕಿಲೋಗೆ 20 ಮಿಲಿಗ್ರಾಂ ಮೀರದ ಆಹಾರವನ್ನಷ್ಟೇ 'ಗ್ಲುಟೆನ್‌ರಹಿತ' ಎನ್ನಬಹುದು. ಇದನ್ನೇ 20 ಪಿಪಿಎಂ ಎನ್ನುವುದು. ಪೊಟ್ಟಣದಲ್ಲಿ ಮಿತಿಯ ತುತ್ತತುದಿಯಷ್ಟೇ ಇದೆ ಎಂದುಕೊಂಡರೂ, ಹತ್ತು ಮಿಲಿಗ್ರಾಂ ಮುಟ್ಟಲು ಅರ್ಧ ಕಿಲೋ ತಿನ್ನಬೇಕು. ಹಾಗಾಗಿ ಆ ಮುದ್ರೆಯಿರುವ ಪೊಟ್ಟಣದ ಮೇಲೆ ಅನುಮಾನಪಟ್ಟು ಕೂರುವುದಕ್ಕಿಂತ, ಮುದ್ರೆಯೇ ಇಲ್ಲದೆ ಪ್ರತಿದಿನ ತಟ್ಟೆಗೆ ಬರುತ್ತಿರುವುದನ್ನು ನೋಡುವುದು ಮೇಲು.

ಎರಡು ವಾರ ದಿನಚರಿ ಬರೆಸಲಾಯಿತು. ಸಾಮಾನ್ಯ ಆಹಾರ ದಿನಚರಿಯಲ್ಲಿ ಏನು ತಿಂದರು ಎಂಬುದಷ್ಟೇ ಇರುತ್ತದೆ. ಇಲ್ಲಿ ಮೂರು ಕಾಲಂ ಹೆಚ್ಚಿಗೆ: ಯಾವ ಪಾತ್ರೆಯಲ್ಲಿ ಬೆಂದದ್ದು, ಅದಕ್ಕೆ ಮೊದಲು ಆ ಪಾತ್ರೆಯಲ್ಲಿ ಏನು ಬೆಂದಿತ್ತು, ಬಡಿಸಿದ ಸೌಟು ಯಾವುದು. ಉತ್ತರದ ಬಹುಪಾಲು ಈ ಕಾಲಂಗಳಲ್ಲೇ ಸಿಕ್ಕಿತು.

ಮನೆಯಲ್ಲಿ ಸಿಕ್ಕಿದ್ದು

ಅತಿ ದೊಡ್ಡ ಮೂಲ ಯಾರೂ ಅನುಮಾನಿಸದ ಅಕ್ಕಿಹಿಟ್ಟು. ಬಿಡಿಯಾಗಿ ಕೊಂಡದ್ದು, ಗೋಧಿಯನ್ನೂ ಬೀಸುವ ಗಿರಣಿಯದು. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ, ನಿಜ. ಆದರೆ ಗೋಧಿಯ ಬೆನ್ನಿಗೇ ಅದೇ ಯಂತ್ರಕ್ಕೆ ಹಾಕಿದ ಅಕ್ಕಿಯ ಹಿಟ್ಟಿನಲ್ಲಿ ಗೋಧಿಯ ಹಿಟ್ಟೂ ಬರುತ್ತದೆ. ಅಂಥ ಹಿಟ್ಟಿನಲ್ಲಿ ಕಿಲೋಗೆ 200 ಮಿಲಿಗ್ರಾಂ ಗ್ಲುಟೆನ್ ಇದೆ ಎಂದಿಟ್ಟುಕೊಳ್ಳಿ. ದಿನಕ್ಕೆ 150 ಗ್ರಾಂ ಹಿಟ್ಟಿನ ಅಡುಗೆ ತಿಂದರೆ 30 ಮಿಲಿಗ್ರಾಂ ಆಯಿತು. ತಾಳಿಕೊಳ್ಳಬಹುದಾದ ಮಿತಿಯ ಮೂರು ಪಟ್ಟು, ಅದೂ ಒಂದು ದಿನವೂ ತಪ್ಪದೆ. ಇದು ಬರಿಯ ಊಹೆಯೂ ಅಲ್ಲ. ಸ್ವಭಾವತಃ ಗ್ಲುಟೆನ್ ಇಲ್ಲದ ಧಾನ್ಯ, ಬೀಜ, ಹಿಟ್ಟುಗಳ 22 ಮಾದರಿಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ 7 ಮಾದರಿಗಳು 20 ಪಿಪಿಎಂ ದಾಟಿದ್ದವು. ಅವುಗಳ ಮೇಲೆ 'ಗ್ಲುಟೆನ್‌ರಹಿತ' ಎಂಬ ಮುದ್ರೆ ಇರಲಿಲ್ಲ. ಇಡೀ ಕಾಳಿಗೆ ಪರಿಹಾರ ಸುಲಭ: ತಟ್ಟೆಯಲ್ಲಿ ತೆಳ್ಳಗೆ ಹರಡಿ, ಬೇರೆ ಧಾನ್ಯದ ಕಾಳನ್ನು ಆರಿಸಿ ತೆಗೆದು, ಮೂರು ನೀರಿನಲ್ಲಿ ತೊಳೆದು, ಮನೆಯಲ್ಲೇ ಮಿಕ್ಸಿಗೆ ಹಾಕುವುದು. ಬೇಳೆಯನ್ನು ಹೀಗೆ ಹರಡಿದಾಗ ನಡುವೆ ಗೋಧಿಯ, ಬಾರ್ಲಿಯ ಕಾಳು ಸಿಗುವುದು ಅಪರೂಪವಲ್ಲ. ಹಿಟ್ಟಾಗಿ ಹೋದದ್ದನ್ನು ಆರಿಸಲು ಬರುವುದಿಲ್ಲ. ಹಿಟ್ಟು ಕೊಳ್ಳುವುದಾದರೆ ಮುದ್ರೆಯಿರುವುದೇ ಬೇಕು.

ಎರಡನೆಯದು ಪಾಸ್ತಾ. ಇವರದು ಗ್ಲುಟೆನ್‌ರಹಿತ ಪಾಸ್ತಾವೇ, ಬೇರೆ ಪಾತ್ರೆಯಲ್ಲೇ ಬೇಯುತ್ತಿತ್ತು. ಆದರೆ ಅವಸರದ ದಿನಗಳಲ್ಲಿ ಗೋಧಿ ಪಾಸ್ತಾ ಬೆಂದ ಕುದಿನೀರಿಗೇ ಇದನ್ನೂ ಹಾಕುತ್ತಿದ್ದರು, ಬಸಿಯುವ ಜಾಲರಿಯಂತೂ ಯಾವಾಗಲೂ ಒಂದೇ. ಗೋಧಿ ಪಾಸ್ತಾ ಬೇಯುವಾಗ ಹಿಟ್ಟು ಕರಗಿ ನೀರು ಮಬ್ಬಾಗುತ್ತದೆ. ಆ ಮಬ್ಬನ್ನು ಎರಡನೇ ಪಾಸ್ತಾ ಹೀರಿಕೊಳ್ಳುತ್ತದೆ. ಜಾಲರಿಯನ್ನು ತೊಳೆದು ಒಣಗಿಸಿ ಬೆಳಕಿಗೆ ಹಿಡಿದು ನೋಡಿದಾಗ ತಳದ ತೂತುಗಳ ಅಂಚಿನಲ್ಲಿ ಬಿಳಿಚಿದ ಪೊರೆ ಗಟ್ಟಿಕಟ್ಟಿ ಕೂತಿತ್ತು, ಕೆಲವು ತೂತು ಅರ್ಧ ಮುಚ್ಚಿದ್ದವು. ಬಿಸಿನೀರು ಬಿದ್ದಾಗಲೆಲ್ಲ ಅದು ಮೆತ್ತಗಾಗಿ ಚೂರು ಚೂರೇ ಬಿಡುತ್ತದೆ.

ಮೂರನೆಯದು ಬೆಳಗಿನ ಮೆಕ್ಕೆಜೋಳದ ಫ್ಲೇಕ್ಸ್. ಪೊಟ್ಟಣದ ಮೇಲೆ 'ಗೋಧಿ ಇಲ್ಲ' ಎಂದಿತ್ತು, ಸುಳ್ಳೇನಲ್ಲ. ಘಟಕಗಳ ಪಟ್ಟಿಯ ಕೊನೆಗೆ 'ಮಾಲ್ಟ್ ಸಾರ' ಇತ್ತು. ಮಾಲ್ಟ್ ಅಂದರೆ ಸಾಮಾನ್ಯವಾಗಿ ಮೊಳಕೆ ಬರಿಸಿದ ಬಾರ್ಲಿ. ಗೋಧಿ ಇಲ್ಲದ್ದು ಮತ್ತು ಗ್ಲುಟೆನ್ ಇಲ್ಲದ್ದು ಎರಡೂ ಒಂದೇ ಅಲ್ಲ. ಬಾರ್ಲಿಯನ್ನು ಅಲರ್ಜಿ ಎಚ್ಚರಿಕೆಯಲ್ಲಿ ನಮೂದಿಸಲೇಬೇಕೆಂಬ ನಿಯಮ ಎಲ್ಲ ದೇಶಗಳಲ್ಲೂ ಇಲ್ಲ. ಪಟ್ಟಿ ಓದುವಾಗ ಗೋಧಿ, ಬಾರ್ಲಿ, ರೈ, ಟ್ರಿಟಿಕೇಲ್, ಸ್ಪೆಲ್ಟ್, ಡ್ಯೂರಮ್, ರವೆ, ಬಲ್ಗರ್, ಕುಸ್‌ಕುಸ್, ಮಾಲ್ಟ್ ಇಷ್ಟನ್ನು ಕಣ್ಣು ಹುಡುಕಬೇಕು. ಸೋಯಾ ಸಾಸನ್ನು ಸಾಮಾನ್ಯವಾಗಿ ಸೋಯಾ ಜೊತೆ ಗೋಧಿ ಸೇರಿಸಿಯೇ ಹುದುಗಿಸುತ್ತಾರೆ. ಹುದುಗಿದಾಗ ಗ್ಲುಟೆನ್ ತುಂಡು ತುಂಡಾಗುವುದರಿಂದ ಆಹಾರದಲ್ಲಿನ ಗ್ಲುಟೆನ್ ಅಳೆಯುವ ಮಾಮೂಲಿ ಎಲಿಸಾ ಪರೀಕ್ಷೆ ಅದನ್ನು ಕಡಿಮೆ ತೋರಿಸಬಹುದು. ಹೀಗಾಗಿ ಸೋಯಾ ಸಾಸ್, ಮಾಲ್ಟ್ ವಿನೆಗರ್, 'ಗ್ಲುಟೆನ್ ತೆಗೆದ' ಬಿಯರ್ ವಿಷಯದಲ್ಲಿ ಅಂಕಿ ನಂಬಿ ಕೂರದೆ, ಯಾವ ಧಾನ್ಯದಿಂದ ಮಾಡಿದ್ದೆಂದು ನೋಡಿಯೇ ತೀರ್ಮಾನಿಸಬೇಕು.

ಇಷ್ಟೆಲ್ಲ ಇರುವಾಗ ಈ ಮನೆಯವರು ಪಥ್ಯದ ಮೊದಲ ದಿನವೇ ಮಾಡಿದ ಕೆಲಸ ಹೊಸ ಟೋಸ್ಟರ್ ತಂದದ್ದು. ಒಂದೇ ಟೋಸ್ಟರಿನಲ್ಲಿ ಎರಡೂ ಬ್ರೆಡ್ ಸುಟ್ಟು ಅಳೆದ ಪ್ರಯೋಗಗಳಲ್ಲಿ ಗ್ಲುಟೆನ್‌ರಹಿತ ಬ್ರೆಡ್ 20 ಪಿಪಿಎಂ ದಾಟಿರಲಿಲ್ಲ; ಅದೇ ನೀರಿನಲ್ಲಿ ಬೇಯಿಸಿದ ಪಾಸ್ತಾ ದಾಟಿತ್ತು. ಬೇರೆ ಟೋಸ್ಟರ್ ಬೇಡವೆಂದಲ್ಲ, ಇದ್ದರೆ ನೆಮ್ಮದಿಯೇ. ಆದರೆ ಮೊದಲ ಕಾಳಜಿ ಸಲ್ಲಬೇಕಾದದ್ದು ದಿನವೂ ಹೊಟ್ಟೆಗೆ ಹೋಗುವ ಹಿಟ್ಟಿಗೆ, ನೀರಿಗೆ, ಎಣ್ಣೆಗೆ.

ಅಡುಗೆಮನೆಯ ಹೊಸ ವ್ಯವಸ್ಥೆ

ಒಂದೇ ಒಲೆಯ ಮೇಲೆ ಎರಡು ಅಡುಗೆ ಎಂಬ ಪದ್ಧತಿಯನ್ನೇ ಕೈಬಿಡಲಾಯಿತು. ರಾತ್ರಿಯ ಊಟ ಮನೆಮಂದಿಗೆಲ್ಲ ಗ್ಲುಟೆನ್ ಇಲ್ಲದ್ದೇ: ಅನ್ನ, ಆಲೂಗಡ್ಡೆ, ಕಾಳು, ತರಕಾರಿ, ಮೊಟ್ಟೆ, ಮೀನು. ಉಳಿದವರ ಗೋಧಿ ಬ್ರೆಡ್ಡಿಗೆ ಒಂದು ಮೂಲೆ, ಒಂದು ಹಲಗೆ, ಒಂದು ಚಾಕು. ಎರಡು ಅಡುಗೆ ನಡೆಯುವ ಮನೆಯಲ್ಲಿ ಎಚ್ಚರಿಕೆ ಎಷ್ಟೇ ಇದ್ದರೂ ಸುಸ್ತಾದ ದಿನ ಕೈ ತಪ್ಪುತ್ತದೆ; ಗೋಧಿಯ ಓಡಾಟವನ್ನೇ ಕಡಿಮೆ ಮಾಡಿದರೆ ಎಚ್ಚರಿಕೆಯ ಭಾರವೂ ಇಳಿಯುತ್ತದೆ.

ಕಪಾಟಿನ ಮೇಲಿನ ಹಲಗೆ ಗ್ಲುಟೆನ್‌ರಹಿತ ಪದಾರ್ಥಕ್ಕೆ, ಕೆಳಗಿನದು ಗೋಧಿಗೆ. ಉದುರಿದ್ದು ಕೆಳಕ್ಕೇ ಬೀಳುವುದರಿಂದ ಈ ಕ್ರಮವನ್ನು ತಿರುವುಮುರುವು ಮಾಡಬಾರದು. ಬಸಿಯುವ ಜಾಲರಿ, ಹಿಟ್ಟಿನ ಜರಡಿ, ಲಟ್ಟಣಿಗೆ, ಮರದ ಸೌಟು, ಮರದ ಹಲಗೆ, ಗೀರುಬಿದ್ದ ನಾನ್‌ಸ್ಟಿಕ್ ಬಾಣಲೆ ಇವಷ್ಟೇ ಹೊಸದು. ಸ್ಟೀಲು, ಗಾಜು, ಪಿಂಗಾಣಿಯನ್ನು ಸೋಪು ಹಾಕಿ ಉಜ್ಜಿ ತೊಳೆದರೆ ಸಾಕು, ಎಸೆಯಬೇಕಿಲ್ಲ. ಪಾತ್ರೆ ತೊಳೆಯುವ ಸ್ಪಾಂಜನ್ನು ಹಲವರು ಮರೆಯುತ್ತಾರೆ; ಗೋಧಿಹಿಟ್ಟಿನ ಪಾತ್ರೆಗೆ ಬೇರೆ ಬಣ್ಣದ್ದು ಬೇಕು. ಹಿಟ್ಟು ಮೆತ್ತಿದ ಪಾತ್ರೆಯನ್ನು ಮೊದಲು ತಣ್ಣೀರಿನಲ್ಲಿ ನೆನೆಸಬೇಕು. ಬಿಸಿನೀರು ಹಾಕಿದರೆ ಹಿಟ್ಟು ಅಂಟಾಗಿ ಸ್ಪಾಂಜಿಗೆ ಹತ್ತುತ್ತದೆ. ಕೈಗೆ ಸೋಪು ನೀರು ಬೇಕು. ಸ್ಯಾನಿಟೈಸರ್ ರೋಗಾಣುವನ್ನು ಕೊಲ್ಲುತ್ತದೆ, ಗ್ಲುಟೆನ್ನನ್ನು ಅಳಿಸುವುದಿಲ್ಲ. ಕುದಿಸಿದರೂ ಕರಿದರೂ ಅದು ನಾಶವಾಗುವುದಿಲ್ಲ.

ಬೆಣ್ಣೆ, ಜಾಮ್‌ಗಳಿಗೆ ಇವರ ಡಬ್ಬಿಯೇ ಬೇರೆ, ಮುಚ್ಚಳದ ಮೇಲೆ ಬಣ್ಣದ ಟೇಪು. ಒಣ ಮೈದಾವನ್ನು ಜರಡಿ ಹಿಡಿಯುವ ಕೆಲಸ ಈ ಅಡುಗೆಮನೆಯಲ್ಲಿ ಇಲ್ಲವೇ ಇಲ್ಲ. ಗಾಳಿಗೆ ಹಾರಿದ ಹಿಟ್ಟು ಬಹಳ ಹೊತ್ತಿನ ತನಕ ಇಳಿಯುತ್ತಲೇ ಇರುತ್ತದೆ, ತೆರೆದಿಟ್ಟ ಪಾತ್ರೆಗಳ ಮೇಲೂ ಕೂರುತ್ತದೆ.

ಬ್ರೆಡ್ ಮಾತ್ರ ಮತ್ತೆ ಮತ್ತೆ ಕೆಡುತ್ತಿತ್ತು: ಒಂದೋ ಪುಡಿಪುಡಿ, ಇಲ್ಲವೇ ನಡುವೆ ಕುಸಿದು ಅಂಟಂಟು. ಗೋಧಿಯಲ್ಲಿ ಗ್ಲುಟೆನ್ನಿನ ಬಲೆ ಗಾಳಿಗುಳ್ಳೆಗಳನ್ನು ಹಿಡಿಯುತ್ತದೆ. ಅದಿಲ್ಲದಾಗ ಆ ಕೆಲಸಕ್ಕೆ ಇಸಬ್‌ಗೋಲ್ ಹೊಟ್ಟು ಬೇಕು, ಹಿಟ್ಟಿನ ತೂಕದ ಶೇ. 5ರಷ್ಟು. ಸರಿಯಾಗಿ ಬಂದ ಅಳತೆ ಇದು: ಅಕ್ಕಿಹಿಟ್ಟು 200 ಗ್ರಾಂ, ಬಕ್‌ವೀಟ್ (ಹೆಸರಿನಲ್ಲಿ 'ವೀಟ್' ಇದ್ದರೂ ಗೋಧಿಯಲ್ಲ) ಹಿಟ್ಟು 100, ಆಲೂಗಡ್ಡೆ ಪಿಷ್ಟ 100, ಇಸಬ್‌ಗೋಲ್ 20, ನೀರು 420, ಇನ್‌ಸ್ಟಂಟ್ ಯೀಸ್ಟ್ 7, ಉಪ್ಪು 8, ಸಕ್ಕರೆ 12, ಎಣ್ಣೆ 20 ಗ್ರಾಂ. ಇಸಬ್‌ಗೋಲನ್ನು ನೀರಿಗೆ ಹಾಕಿ ಕಲಕಿ ಐದು ನಿಮಿಷ ಬಿಟ್ಟರೆ ಲೋಳೆಯಾಗುತ್ತದೆ. ಅದಕ್ಕೆ ಉಳಿದದ್ದನ್ನೆಲ್ಲ ಸೇರಿಸಿ ಗಂಟಿಲ್ಲದಂತೆ ಕಲಸಿ, ಎಣ್ಣೆ ಸವರಿದ ಅಚ್ಚಿಗೆ ಹಾಕುವುದು. ಉಬ್ಬುವುದು ಒಂದೇ ಸಲ, ಒಂದೂವರೆ ಪಟ್ಟು ಆಗುವ ತನಕ. ದುಪ್ಪಟ್ಟಾಗಲಿ ಎಂದು ಕಾದರೆ ಒಲೆಯಲ್ಲಿ ಕುಸಿಯುತ್ತದೆ, ಇವರಿಗೆ ಆಗುತ್ತಿದ್ದದ್ದು ಇದೇ. 220 ಡಿಗ್ರಿಯಲ್ಲಿ 15 ನಿಮಿಷ, ಆಮೇಲೆ 200ರಲ್ಲಿ ಸುಮಾರು 40 ನಿಮಿಷ. ಒಳಗಿನ ಶಾಖ 97 ಡಿಗ್ರಿ ಮುಟ್ಟಿರಬೇಕು. ಎರಡು ಗಂಟೆ ಆರುವ ಮೊದಲು ಕೊಯ್ದರೆ ಪಿಷ್ಟ ಗಟ್ಟಿಯಾಗಿರುವುದಿಲ್ಲ, ಚಾಕುವಿಗೆ ಅಂಟುತ್ತದೆ. ಹೋಳು ಮಾಡಿ ಫ್ರೀಜರಿನಲ್ಲಿ ಇಟ್ಟು, ಬೇಕಾದಾಗ ತೆಗೆದು ಬಿಸಿ ಮಾಡಿಕೊಳ್ಳುವುದು; ಹೊರಗಿಟ್ಟರೆ ಮರುದಿನಕ್ಕೇ ಬಿರುಸಾಗುತ್ತದೆ.

ಹೊರಗಿನ ಊಟ

ದಿನಚರಿಯ ಪ್ರಕಾರ ಹೋಟೆಲಿನಲ್ಲಿ ತಿನ್ನುತ್ತಿದ್ದದ್ದು ತರಕಾರಿ ಸೂಪು, ಗ್ರಿಲ್ ಮಾಡಿದ ಮೀನು, ಆಲೂಗಡ್ಡೆ ಫ್ರೈಸ್, ಸಲಾಡ್. ಕಾಗದದ ಮೇಲೆ ಗೋಧಿಯ ಸುಳಿವೇ ಇಲ್ಲ. ಕೇಳುತ್ತಿದ್ದ ಪ್ರಶ್ನೆಯೂ ಒಂದೇ: "ಇದರಲ್ಲಿ ಗ್ಲುಟೆನ್ ಇದೆಯಾ?" ಬರುತ್ತಿದ್ದ ಉತ್ತರ: "ಇಲ್ಲ ಮೇಡಂ."

ಅಡುಗೆ ಮಾಡುವವರನ್ನೇ ವಿಚಾರಿಸಿದಾಗ ಚಿತ್ರ ಬದಲಾಯಿತು. ಸೂಪು ಗಟ್ಟಿಯಾಗಲಿ ಎಂದು ಬೆಣ್ಣೆಯಲ್ಲಿ ಹುರಿದ ಮೈದಾ. ಮೀನು ಕಾವಲಿಗೆ ಹಿಡಿಯಬಾರದೆಂದು ಮೇಲೆ ಚಿಟಿಕೆ ಹಿಟ್ಟು. ಫ್ರೈಸ್ ಕರಿದದ್ದು ಬ್ರೆಡ್ ಪುಡಿ ಹಚ್ಚಿದ ಕೋಳಿ ಕರಿಯುವ ಎಣ್ಣೆಯಲ್ಲೇ. ಸಲಾಡಿನ ಮೇಲಿನ ಹುರಿದ ಬ್ರೆಡ್ ತುಂಡುಗಳನ್ನು ಕೈಯಲ್ಲಿ ಆರಿಸಿ ತೆಗೆದು ಅದೇ ತಟ್ಟೆ ಕಳುಹಿಸುತ್ತಿದ್ದರು. ಇವರಲ್ಲಿ ಯಾರೂ ಬೇಕೆಂದು ಸುಳ್ಳು ಹೇಳಿಲ್ಲ. 'ಇದೆಯಾ, ಇಲ್ಲವಾ' ಎಂದು ಕೇಳಿದರೆ ಕೇಳಿಸಿಕೊಂಡವರ ತಲೆಯಲ್ಲಿ ಬರುವುದು ಮುಖ್ಯ ಪದಾರ್ಥ. ಚಿಟಿಕೆ ಹಿಟ್ಟು, ಎಣ್ಣೆ, ಕಾವಲಿ ಅವರ ಲೆಕ್ಕಕ್ಕೇ ಬರುವುದಿಲ್ಲ.

ಆದ್ದರಿಂದ ಪ್ರಶ್ನೆಯನ್ನೇ ಬದಲಿಸಲಾಯಿತು. ಹೋಗುವ ದಿನ ಊಟದ ಗದ್ದಲ ಇಲ್ಲದ ಹೊತ್ತಿನಲ್ಲಿ, ಮಧ್ಯಾಹ್ನ 3ರಿಂದ 5ರೊಳಗೆ, ಫೋನು ಮಾಡಿ ಅಡುಗೆಯವರ ಜೊತೆಗೇ ಮಾತು: "ನನಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿ, ಮೈದಾ, ಬಾರ್ಲಿ, ರೈ ಒಂದು ಚೂರು ಸೇರಿದರೂ ಕರುಳಿಗೆ ಪೆಟ್ಟು. ನಿಮ್ಮಲ್ಲಿ ಮೀನು ಹೇಗೆ ಮಾಡುತ್ತೀರಿ, ಮೊದಲಿಂದ ಹೇಳ್ತೀರಾ?" ಅವರು ಹೇಳುತ್ತಾ ಹೋಗುವಾಗ ನಡುವೆ ನಿಲ್ಲಿಸಿ ಕೇಳಬೇಕಾದವು ಕೆಲವೇ. ಮೊದಲೇ ಏನಾದರೂ ಸವರಿ ಇಟ್ಟಿರುತ್ತಾರಾ, ಅದರಲ್ಲಿ ಸೋಯಾ ಸಾಸ್ ಇದೆಯಾ? ಆ ಎಣ್ಣೆಯಲ್ಲಿ ಬೇರೇನು ಕರಿಯುತ್ತಾರೆ? ತರಕಾರಿ ಬೇಯುವುದು ಪಾಸ್ತಾದ ನೀರಿನಲ್ಲಾ? ಅನ್ನಕ್ಕೆ ಸ್ಟಾಕ್ ಕ್ಯೂಬ್ ಹಾಕುತ್ತಾರಾ? ಆಮ್ಲೆಟ್ ಉಬ್ಬಲಿ ಎಂದು ಪ್ಯಾನ್‌ಕೇಕಿನ ಹಿಟ್ಟು ಬೆರೆಸುವ ಜಾಗಗಳೂ ಇವೆ. ಕಾವಲಿಯ ಬದಲು ತೊಳೆದ ಬಾಣಲೆಯಲ್ಲಿ ಅಥವಾ ಫಾಯಿಲ್ ಹಾಸಿ ಮಾಡಿಕೊಡಲು ಆಗುತ್ತದಾ? ಉತ್ತರ ತಡವರಿಸಿದರೆ, ಅಥವಾ ಕೇಳಿ ಮುಗಿಯುವ ಮೊದಲೇ "ಏನೂ ಆಗಲ್ಲ" ಎಂದರೆ, ಆ ಜಾಗ ಬೇಡ. "ನಮ್ಮಲ್ಲಿ ಆಗಲ್ಲ" ಎಂದು ನೇರವಾಗಿ ಹೇಳುವ ಅಡುಗೆಯವರಿಗೆ ಧನ್ಯವಾದ ಹೇಳಿ ಫೋನು ಇಡಬೇಕು. ಅವರು ನಿಜವಾಗಿ ಉಪಕಾರ ಮಾಡಿದ್ದಾರೆ.

ತಟ್ಟೆ ತಪ್ಪಾಗಿ ಬಂದರೆ ಅದನ್ನು ಅಲ್ಲೇ ಇಟ್ಟುಕೊಂಡು ಹೊಸದು ತರಿಸಬೇಕು. ಕೊಟ್ಟು ಕಳುಹಿಸಿದರೆ ಬ್ರೆಡ್ ತುಂಡು ಆರಿಸಿದ ಅದೇ ತಟ್ಟೆ ಮರಳಬಹುದು. ಬಫೆಯಲ್ಲಿ ಸೌಟು ಪಾತ್ರೆಯಿಂದ ಪಾತ್ರೆಗೆ ಜಿಗಿಯುತ್ತದೆ. ಮೊದಲಿಗರಾಗಿ ಬಡಿಸಿಕೊಳ್ಳಲು ಆಗದಿದ್ದರೆ ಒಳಗಿನಿಂದ ತರಿಸಿಕೊಳ್ಳುವುದೇ ದಾರಿ. ಹಿಟ್ಟು ಹಾರುವ ಬೇಕರಿಯ ತೆರೆದ ಅಡುಗೆಕೋಣೆಯಲ್ಲಿ ಮಾಡಿದ 'ಗ್ಲುಟೆನ್‌ರಹಿತ' ಕೇಕನ್ನು ಈ ಪ್ರಕರಣದಲ್ಲಿ ಪೂರ್ತಿ ನಿಲ್ಲಿಸಲಾಯಿತು.

ಇಷ್ಟಾದರೂ ಒಮ್ಮೊಮ್ಮೆ ತಪ್ಪುತ್ತದೆ. ಎರಡು ಗಂಟೆಯೊಳಗೆ ವಾಂತಿ, ಮರುದಿನ ಹೊಟ್ಟೆನೋವು ಬರಬಹುದು, ಏನೂ ಕಾಣದೆಯೂ ಇರಬಹುದು. ಗ್ಲುಟೆನ್ ಜೀರ್ಣಿಸುತ್ತದೆಂದು ಮಾರುವ ಕಿಣ್ವದ ಮಾತ್ರೆಗಳು ಸೀಲಿಯಾಕ್ ಇರುವವರನ್ನು ಕಾಪಾಡುತ್ತವೆ ಎಂಬುದು ಸಾಬೀತಾಗಿಲ್ಲ. ನೀರು, ವಿಶ್ರಾಂತಿ, ಮುಂದಿನ ಊಟದಿಂದಲೇ ಮತ್ತೆ ಪಥ್ಯ. ಎಲ್ಲಿ, ಏನು ತಿಂದಾಗ ಹೀಗಾಯಿತು ಎಂದು ಬರೆದಿಡುವುದು.

ನಂತರದ ಒಂದು ವರ್ಷ

ಹಿಟ್ಟು, ಜಾಲರಿ, ಫ್ಲೇಕ್ಸ್ ಬದಲಾದ ಆರು ತಿಂಗಳಿಗೆ ಟಿಟಿಜಿ ಒಂದೂವರೆ ಪಟ್ಟಿಗೆ ಬಂತು, ವರ್ಷ ತುಂಬುವಾಗ ಸಾಮಾನ್ಯ ಮಿತಿಯೊಳಗೆ. ಫೆರಿಟಿನ್ 38. ಸುಮ್ಮನೆ ಬಿಟ್ಟಿದ್ದ ಬೇಳೆಕಾಳು, ಮೊಟ್ಟೆ ಮೊದಲ ತಿಂಗಳಲ್ಲೇ ತಟ್ಟೆಗೆ ಮರಳಿದ್ದವು. ಕಬ್ಬಿಣ, ಫೋಲೇಟ್, ನಾರು ಕಡಿಮೆಯಿರುವ ಅಕ್ಕಿ-ಪಿಷ್ಟದ ಪಥ್ಯಕ್ಕೆ ಅವು ಬೇಕೇ ಬೇಕು. ಹಾಲು ಕುಡಿದಾಗಿನ ಉಬ್ಬರ ಎಂಟನೇ ತಿಂಗಳ ಹೊತ್ತಿಗೆ ತಾನಾಗಿ ಹೋಯಿತು; ಕರುಳಿನ ಒಳಪದರ ಮತ್ತೆ ಬೆಳೆದಂತೆ ಹಾಲಿನ ಸಕ್ಕರೆ ಒಡೆಯುವ ಕಿಣ್ವವೂ ಮರಳುತ್ತದೆ.

ಟಿಟಿಜಿ ಸಾಮಾನ್ಯವಾದ ಮಾತ್ರಕ್ಕೆ ಚೂರೂ ಗ್ಲುಟೆನ್ ಹೋಗುತ್ತಿಲ್ಲ ಎಂದು ಅರ್ಥವಲ್ಲ. ಆಗೊಮ್ಮೆ ಈಗೊಮ್ಮೆ ಹೋಗುವ ಸಣ್ಣ ಪ್ರಮಾಣವನ್ನು ಈ ಪರೀಕ್ಷೆ ಹಿಡಿಯುವುದಿಲ್ಲ. ಅನುಮಾನ ಬಂದ ದಿನಗಳಿಗೆ ಮೂತ್ರದಲ್ಲಿ ಅಥವಾ ಮಲದಲ್ಲಿ ಗ್ಲುಟೆನ್ನಿನ ತುಣುಕು ಹುಡುಕುವ ಪರೀಕ್ಷೆ ಇದೆ. ಮೂತ್ರದಲ್ಲಿ ಅದು ಸುಮಾರು ಒಂದು ದಿನ ಕಾಣುತ್ತದೆ, ಮಲದಲ್ಲಿ ಕೆಲವು ದಿನ. ಹೊಸ ಹೋಟೆಲಿನ ಊಟದ ಮರುದಿನ ಮೂತ್ರದ ಪರೀಕ್ಷೆ ಉಪಯೋಗಕ್ಕೆ ಬಂತು.

ಉಳಿದಿರುವುದು ಓಟ್ಸ್. ಇಷ್ಟು ದಿನ ಪೂರ್ತಿ ದೂರವಿತ್ತು. ಮಾಮೂಲಿ ಓಟ್ಸ್‌ನಲ್ಲಿ ಹೊಲದಿಂದ ಗೋದಾಮಿನವರೆಗೆ ಎಲ್ಲಿ ಬೇಕಾದರೂ ಗೋಧಿ, ಬಾರ್ಲಿ ಸೇರಿಕೊಂಡಿರುತ್ತದೆ. ಶುದ್ಧ ಓಟ್ಸ್ ಬಹುತೇಕರಿಗೆ ಒಗ್ಗುತ್ತದೆ, ಅದರ ಅವೆನಿನ್ ಎಂಬ ಪ್ರೋಟೀನಿಗೆ ಕೆಲವೇ ಜನರ ಕರುಳು ಪ್ರತಿಕ್ರಿಯಿಸುತ್ತದೆ. ಟಿಟಿಜಿ ಸಾಮಾನ್ಯವಾಗಿರುವ ಈಗಲೇ ಪರೀಕ್ಷಿಸಲು ಸರಿಯಾದ ಸಮಯ: ಏರಿದ್ದಾಗ ಶುರು ಮಾಡಿದ್ದರೆ ಯಾವುದರಿಂದ ಏನಾಯಿತು ಎಂದು ಬಿಡಿಸಲು ಆಗುತ್ತಿರಲಿಲ್ಲ. ಗ್ಲುಟೆನ್‌ರಹಿತ ಮುದ್ರೆಯ ಓಟ್ಸ್, ಮೊದಲ ವಾರ ದಿನಕ್ಕೆ 20 ಗ್ರಾಂ, ಆಮೇಲೆ 50 ಗ್ರಾಂವರೆಗೆ, ಆ ಅವಧಿಯಲ್ಲಿ ಬೇರೆ ಯಾವ ಹೊಸ ಪದಾರ್ಥವೂ ಇಲ್ಲ. ಮೂರರಿಂದ ಆರು ತಿಂಗಳೊಳಗೆ ಮತ್ತೆ ಟಿಟಿಜಿ.